ಭುಜಕೀರ್ತಿ ನಿಲ್ಲುವುದು ಬೆನ್ನಿನ ಗಂಟಿನಲ್ಲಿ

ತೊಗರಿ ರಾಶಿಯಾಗಿ, ಜೋಳದ ಸುಗ್ಗಿಯೂ ಮುಗಿಯಿತೆಂದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಜಾತ್ರೆಗಳ ಕಾಲ. ಜಾತ್ರೆ ಎಂದ ಮೇಲೆ ತೇರು, ಬೆಂಡು ಬತ್ತಾಸು, ಕುಸ್ತಿ. ಜೊತೆಗೆ ಒಂದು ಆಟ ಇಲ್ಲವೇ ನಾಟಕ. ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಊರಿನಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದವನೇ ರಾತ್ರಿ ದುರ್ಯೋಧನನಾಗಬೇಕು. ಅಟ್ಟದ ಮುಂದೆ ಜನ ಕಂಬಳಿ ಹಾಸಿಕೊಂಡು ಕೂತಿರುತ್ತಾರೆ. ಅಟ್ಟದ ಹಿಂದೆ, ಗುಡಿಯ ಪೌಳಿಯಲ್ಲಿ, ಇನ್ನೊಂದು ಕೆಲಸ ನಡೆದಿರುತ್ತದೆ. ಮುಖಕ್ಕೆ ಬಣ್ಣ ಹಚ್ಚಿಸಿಕೊಂಡ ಹುಡುಗ ಕೈ ಅಗಲಿಸಿ ನಿಂತಿರುತ್ತಾನೆ. ವಯಸ್ಸಾದ ಒಬ್ಬರು ಅವನ ಬೆನ್ನ ಹಿಂದೆ ಕುಳಿತು ದಾರ ಎಳೆಯುತ್ತಿರುತ್ತಾರೆ.

‘ತಮ್ಮಾ, ಎರಡೂ ಕೈ ಮ್ಯಾಲ ಎತ್ತು ನೋಡಮು.’

‘ಕಾಕಾ, ಭಾಳ ಬಿಗಿ ಆಗ್ಯಾದ. ಉಸರು ಕಟ್ಲಾಕತ್ತದ.’

ಕಾಕಾ ಗಂಟು ಬಿಚ್ಚಿ, ಒಂದು ಬೆರಳು ಸಡಿಲ ಬಿಟ್ಟು ಮತ್ತೆ ಕಟ್ಟುತ್ತಾರೆ. ಹುಡುಗ ಕೂತು ಏಳುತ್ತಾನೆ, ಗದೆ ಬೀಸಿದಂತೆ ಮಾಡುತ್ತಾನೆ. ಹೆಗಲ ಮೇಲಿನ ಎರಡು ಚಿನ್ನದ ರೆಕ್ಕೆಗಳು ಅಲುಗುವುದಿಲ್ಲ. ಈಗ ಅವನು ರಾಜ.

ಆ ರೆಕ್ಕೆಗಳ ಹೆಸರು ಭುಜಕೀರ್ತಿ. ಕಿರೀಟದ ಬಗ್ಗೆ, ಮುಖದ ಬಣ್ಣದ ಬಗ್ಗೆ ಬರೆದವರು ಬಹಳ ಜನ. ಹೆಗಲ ಮೇಲಿನ ಈ ತುಂಡು ಹೇಗೆ ನಿಲ್ಲುತ್ತದೆ ಎಂದು ಕೇಳಿದವರು ಕಡಿಮೆ. ಆದರೆ ವೇಷ ಕಟ್ಟುವವರನ್ನು ಕೇಳಿದರೆ, ತಲೆಯ ಕಿರೀಟಕ್ಕಿಂತ ಹೆಗಲಿನ ಭುಜಕೀರ್ತಿಯೇ ಕಷ್ಟ ಎನ್ನುತ್ತಾರೆ. ಏಕೆಂದು ನೋಡೋಣ.

ಹೆಸರಿನೊಳಗಿನ ಭುಜ

ಕನ್ನಡದಲ್ಲಿ ಶಕ್ತಿಯ ಮನೆ ಭುಜ. ಭುಜಬಲ, ಭುಜಪರಾಕ್ರಮ ಎಂದು ನಾವು ಈಗಲೂ ಹೇಳುತ್ತೇವೆ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ‘ಭುಜಬಳ ವೀರಗಂಗ’ ಎಂಬುದೂ ಒಂದು. ಪೌರಾಣಿಕ ವೀರ ರಂಗದ ಮೇಲೆ ಬಂದಾಗ ಅವನ ಭುಜ ಸಾಮಾನ್ಯರ ಭುಜದಂತೆ ಕಾಣಬಾರದು. ಅದು ಅಗಲವಾಗಬೇಕು, ಮೇಲೆ ಏಳಬೇಕು. ಭುಜದ ಕೀರ್ತಿಯನ್ನು ಕಣ್ಣಿಗೆ ಕಾಣಿಸುವ ಆಭರಣವೇ ಭುಜಕೀರ್ತಿ. ನಮ್ಮ ದೇವಾಲಯದ ಶಿಲ್ಪಗಳಲ್ಲಿಯೂ ದೇವತೆಗಳ ಹೆಗಲ ಮೇಲೆ ಇಳಿಯುವ ಆಭರಣಗಳನ್ನು ಕಾಣಬಹುದು.

ಕರ್ನಾಟಕದ ಬಯಲಾಟಗಳಲ್ಲಿ ಇದು ಎಲ್ಲ ಕಡೆಯೂ ಇದೆ. ಕರಾವಳಿಯ ಯಕ್ಷಗಾನದಲ್ಲಿ ಬಡಗುತಿಟ್ಟು, ತೆಂಕುತಿಟ್ಟು ಎರಡರಲ್ಲೂ ಭುಜಕೀರ್ತಿ ಉಂಟು. ಬಯಲುಸೀಮೆಯ ಮೂಡಲಪಾಯದಲ್ಲಿ ಉಂಟು. ಉತ್ತರ ಕರ್ನಾಟಕದಲ್ಲಿ ಈ ಆಟಕ್ಕೆ ದೊಡ್ಡಾಟವೆಂದು ಹೆಸರು. ಎತ್ತರದ ಅಟ್ಟದ ಮೇಲೆ ಆಡುವುದರಿಂದ ಅಟ್ಟದಾಟ ಎಂದೂ ಕರೆಯುತ್ತಾರೆ. ಗಡಿಯಾಚೆಯ ತೆಲುಗರ ಆಟಗಳಲ್ಲಿಯೂ ಇದಕ್ಕೆ ಇದೇ ಹೆಸರು. ಕೇರಳದ ಕಥಕಳಿಯಲ್ಲಿ ಹೆಗಲ ಮೇಲಿನ ತುಂಡುಗಳಿಗೆ ತೋಳ್‌ಪೂಟ್ಟು ಎನ್ನುತ್ತಾರೆ.

ಇದನ್ನು ಸಾಂಪ್ರದಾಯಿಕವಾಗಿ ಹಗುರ ಮರದಲ್ಲಿ ಕೊರೆಯುತ್ತಾರೆ. ಮೇಲೆ ಹೊಳೆಯುವ ಬೇಗಡೆ ಅಂಟಿಸಿ, ಕನ್ನಡಿ ಚೂರು, ಮಣಿ ಕೂರಿಸುತ್ತಾರೆ. ದೂರಕ್ಕೆ ಅದು ಅಪ್ಪಟ ಚಿನ್ನ. ಕೈಗೆ ತೆಗೆದುಕೊಂಡರೆ ಒಣಗಿದ ಸೋರೆಬುರುಡೆಯಷ್ಟು ಹಗುರ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗೊಂಬೆ ಮಾಡುವುದು ಪ್ರಸಿದ್ಧ. ಮರದ ಮೇಲೆ ಹುಣಸೆಬೀಜದ ಅಂಟು, ಅದರ ಮೇಲೆ ಬಣ್ಣ ಮತ್ತು ಹೊಳಪು ಎಂಬ ಅವರ ಕ್ರಮ ನೋಡಿದವರಿಗೆ, ಭಾರವಿಲ್ಲದೆ ಭಾರವಾದದ್ದನ್ನು ತೋರಿಸುವ ವಿದ್ಯೆ ಈ ನಾಡಿಗೆ ಹೊಸದಲ್ಲ ಎಂಬುದು ತಿಳಿಯುತ್ತದೆ.

ಆದರೆ ಮಾಡುವುದು ಅರ್ಧ ಕೆಲಸ. ಉಳಿದರ್ಧ ಕಟ್ಟುವುದು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ನಾವು ವೇಷವನ್ನು ‘ಹಾಕುತ್ತೇವೆ’ ಎನ್ನುವುದಕ್ಕಿಂತ ಹೆಚ್ಚಾಗಿ ‘ಕಟ್ಟುತ್ತೇವೆ’ ಎನ್ನುತ್ತೇವೆ. ಗೆಜ್ಜೆ ಕಟ್ಟುತ್ತೇವೆ, ಕಚ್ಚೆ ಕಟ್ಟುತ್ತೇವೆ, ಟೊಂಕ ಕಟ್ಟುತ್ತೇವೆ. ಯಕ್ಷಗಾನದ ಆಭರಣಗಳ ಹೆಸರೇ ಎದೆಕಟ್ಟು, ತೋಳುಕಟ್ಟು, ಕೈಕಟ್ಟು. ಕಸೆ ಎಂದರೆ ಉಡುಪಿನ ದಾರ. ಹಳೆಯ ಕಾಲದವರು ಗುಂಡಿ ಇಲ್ಲದ ಕಸೆ ಅಂಗಿ ತೊಡುತ್ತಿದ್ದರು. ವೀರಭದ್ರನ ಕುಣಿತಕ್ಕೆ ಇರುವ ವೀರಗಸೆ ಎಂಬ ಹೆಸರಿನಲ್ಲಿಯೂ ಆ ಕಸೆಯೇ ಇದೆ.

ನಿಲ್ಲದ ಜಾಗದಲ್ಲಿ ನಿಲ್ಲಿಸುವುದು

ಹೆಗಲು ದೇಹದಲ್ಲೇ ಅತಿ ಹೆಚ್ಚು ತಿರುಗುವ ಕೀಲು. ಮೊಣಕೈ ಬಾಗಿಲಿನಂತೆ ಒಂದೇ ಕಡೆಗೆ ಮಡಚುತ್ತದೆ. ಹೆಗಲು ಹಾಗಲ್ಲ: ಮುಂದೆ, ಹಿಂದೆ, ಮೇಲೆ, ಸುತ್ತ, ಎಲ್ಲ ಕಡೆಗೂ ಹೋಗುತ್ತದೆ. ಕೈಯನ್ನು ಪಕ್ಕದಿಂದ ಎತ್ತಿ ತಲೆಯ ಮೇಲೆ ತಂದರೆ ಅದು ಸುಮಾರು 180 ಡಿಗ್ರಿ ತಿರುಗಿದಂತೆ. ಅದರಲ್ಲಿ ಸುಮಾರು 120 ಡಿಗ್ರಿ ಮಾತ್ರ ತೋಳಿನ ಕೀಲಿನದು. ಉಳಿದ 60 ಡಿಗ್ರಿ ಬೆನ್ನಿನ ಹಲಗೆ ಎಲುಬು ತಾನೇ ತಿರುಗಿ ಕೊಡುವಂಥದು. ಆಗ ಹೆಗಲಿನ ಹೊರತುದಿ ಇಡಿಯಾಗಿ ಮೇಲಕ್ಕೆ ಏಳುತ್ತದೆ. ಕನ್ನಡಿಯ ಮುಂದೆ ನಿಂತು ಕೈ ಎತ್ತಿದರೆ ಯಾರಾದರೂ ಕಾಣಬಹುದು.

ಮನೆಯಲ್ಲಿ ವೇಷ ಮಾಡುವವರು ಮಾಡುವ ಮೊದಲ ತಪ್ಪು ಇಲ್ಲಿಯೇ. ಹೆಗಲ ಮೇಲೆ ಕೂರಬೇಕಾದ ತುಂಡನ್ನು ಅವರು ಅಂಗಿಯ ತೋಳಿಗೆ ಹೊಲಿದುಬಿಡುತ್ತಾರೆ, ಇಲ್ಲವೇ ಪಿನ್ನು ಚುಚ್ಚುತ್ತಾರೆ. ನಟ ಸುಮ್ಮನೆ ನಿಂತಾಗ ಎಲ್ಲ ಚೆಂದ. ಗದೆ ಎತ್ತಿದ ಕೂಡಲೇ ತೋಳಿನ ಜೊತೆ ಭುಜಕೀರ್ತಿಯೂ ಎದ್ದು ಕೆನ್ನೆಗೆ ಬಡಿಯುತ್ತದೆ. ಕೈ ಇಳಿಸಿದರೆ ತೋಳಿನ ಮೇಲೆ ಜಾರಿ ಜೋತುಬೀಳುತ್ತದೆ. ವೀರರಸದ ಜಾಗದಲ್ಲಿ ಜನ ನಗುತ್ತಾರೆ.

ಹಳಬರು ಕಂಡುಕೊಂಡ ಸೂತ್ರ ಸರಳ. ಭುಜಕೀರ್ತಿ ನೋಡುವವರಿಗೆ ತೋಳಿನದು; ಕಟ್ಟುವವರಿಗೆ ಮುಂಡದ್ದು. ಅದನ್ನು ತೋಳಿಗಲ್ಲ, ಮೈಗೆ ಕಟ್ಟಬೇಕು. ಅದು ಕೂರಬೇಕಾದ ಜಾಗ ಹೆಗಲಿನ ತುದಿಯಲ್ಲ. ಕೊರಳಿಗೂ ಹೆಗಲಿನ ತುದಿಗೂ ನಡುವೆ, ನಾವು ಮೂಟೆ ಹೊರುವ ಜಾಗ. ಅಲ್ಲಿ ಅಲುಗಾಟ ಕಡಿಮೆ. ಬುಡ ಅಲ್ಲಿ ಕೂತು, ರೆಕ್ಕೆ ಮಾತ್ರ ಹೊರಗೆ ಚಾಚಿದರೆ, ಕೈ ಅದರ ಕೆಳಗೆ ಬೇಕಾದಂತೆ ಆಡಬಹುದು.

ಹೀಗೆ ಹೊರಗೆ ಚಾಚಿದ್ದಕ್ಕೆ ಒಂದು ದಂಡ ತೆರಬೇಕು. ಚಾಚಿದ ವಸ್ತು ಬುಡದಲ್ಲಿ ತೂಕಕ್ಕಿಂತ ಹೆಚ್ಚು ಎಳೆಯುತ್ತದೆ. ಉದ್ದ ಹಿಡಿಕೆಯ ಸಲಿಕೆಯನ್ನು ಹಿಡಿಕೆಯ ತುದಿಯಲ್ಲಿ ಹಿಡಿದು ಎತ್ತಿದವರಿಗೆ ಇದು ಗೊತ್ತು. ಆದ್ದರಿಂದ ಭುಜಕೀರ್ತಿ ಹಗುರವಾಗಿರಬೇಕು, ಅದರಲ್ಲೂ ಹೊರತುದಿ ಇನ್ನಷ್ಟು ಹಗುರವಾಗಿರಬೇಕು. ಇದರ ಮೇಲೆ ದೊಡ್ಡಾಟದ ಹೆಜ್ಜೆ ಬೇರೆ. ಹಲಗೆ ಹಾಸಿದ ಅಟ್ಟದ ಮೇಲೆ ವೇಷಧಾರಿ ಕಾಲು ಅಪ್ಪಳಿಸಿದಾಗ ಆ ಪೆಟ್ಟು ಹೆಗಲಿನವರೆಗೂ ಬರುತ್ತದೆ. ಗಂಟು ದುರ್ಬಲವಾಗಿದ್ದರೆ ಪ್ರತಿ ಹೆಜ್ಜೆಗೂ ಒಂದೊಂದು ಎಳೆ ಸಡಿಲವಾಗುತ್ತದೆ.

ಮೂರು ದಾರಗಳ ಲೆಕ್ಕ

ಕಟ್ಟುವ ರೀತಿ ಊರಿನಿಂದ ಊರಿಗೆ, ಮೇಳದಿಂದ ಮೇಳಕ್ಕೆ ಬೇರೆಯಾದರೂ ಒಳಗಿನ ಲೆಕ್ಕ ಒಂದೇ. ಒಂದು ವಸ್ತು ಅಲುಗದೆ ನಿಲ್ಲಬೇಕಾದರೆ ಅದನ್ನು ಮೂರು ಕಡೆಯಿಂದ ಹಿಡಿಯಬೇಕು.

ಮೊದಲನೆಯ ದಾರ ಕೊರಳಿನ ಕಡೆಗೆ. ಎಡಬಲದ ಎರಡು ತುಂಡುಗಳನ್ನು ಕತ್ತಿನ ಹಿಂದೆ ಇದು ಜೋಡಿಸುತ್ತದೆ. ತುಂಡು ಹೊರಗೆ ಜಾರುವುದನ್ನು ತಡೆಯುತ್ತದೆ. ಎರಡನೆಯದು ಬೆನ್ನ ಮೇಲೆ ಅಡ್ಡವಾಗಿ ಹೋಗುವ ದಾರ. ನಟ ಬಾಗಿ ನಮಸ್ಕರಿಸಿದಾಗ ಭುಜಕೀರ್ತಿ ಮುಂದಕ್ಕೆ ಕವಚಿಕೊಳ್ಳದಂತೆ ಹಿಂದೆ ಎಳೆದು ಹಿಡಿಯುವುದು ಇದೇ. ಮೂರನೆಯದು ಕಂಕುಳ ಕೆಳಗೆ ಹಾದು ಎದೆಯ ಕಟ್ಟಿಗೆ ಸೇರುವುದು. ಕೈ ಎತ್ತಿದಾಗ ತುಂಡು ಮೇಲಕ್ಕೆ ನೆಗೆಯದಂತೆ ಇದು ಕೆಳಗೆ ಹಿಡಿಯುತ್ತದೆ.

ನಮ್ಮ ರೈತನಿಗೆ ಇದು ಹೊಸ ವಿದ್ಯೆಯಲ್ಲ. ಎತ್ತಿನ ಹೆಗಲ ಮೇಲೆ ನೊಗ ಇಟ್ಟು, ಕೊರಳ ಕೆಳಗೆ ಜತ್ತಿಗೆ ಕಟ್ಟುವಾಗ ಅವನು ಇದೇ ಲೆಕ್ಕ ಹಾಕುತ್ತಾನೆ. ಜತ್ತಿಗೆ ಸಡಿಲವಾದರೆ ನೊಗ ಜಾರುತ್ತದೆ, ಬಿಗಿಯಾದರೆ ಎತ್ತಿನ ಉಸಿರು ಕಟ್ಟುತ್ತದೆ. ನೊಗ ಅಲುಗಬಾರದು, ಎತ್ತು ನೋಯಬಾರದು. ಹಗಲು ಎತ್ತಿಗೆ ಜತ್ತಿಗೆ ಕಟ್ಟಿದ ಕೈಯೇ ರಾತ್ರಿ ಭೀಮಸೇನನಿಗೆ ಭುಜಕೀರ್ತಿ ಕಟ್ಟಿದರೆ ಕಟ್ಟು ಸರಿಯಾಗಿಯೇ ಇರುತ್ತದೆ.

ದಾರ ಯಾವುದು ಎಂಬುದೂ ಮುಖ್ಯ. ನೈಲಾನ್ ಹುರಿ ಗಟ್ಟಿ, ಆದರೆ ನುಣುಪು, ಗಂಟು ಜಾರುತ್ತದೆ. ನೂಲಿನ ದಾರ, ನೂಲಿನ ಲಾಡಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆದರೆ ನೂಲಿಗೆ ಒಂದು ಗುಣವಿದೆ: ನೆಂದರೆ ಎಳೆಗಳು ಉಬ್ಬಿ ಹಗ್ಗ ಗಿಡ್ಡವಾಗುತ್ತದೆ. ಬಟ್ಟೆ ಒಣಗಿಸುವ ನೂಲಿನ ಹಗ್ಗ ಮಳೆಯಲ್ಲಿ ಬಿಗಿಯಾಗಿ ನಿಲ್ಲುವುದನ್ನು ನೋಡಿದ್ದೀರಿ. ದೊಡ್ಡಾಟ ನಡೆಯುವುದು ಇಡೀ ರಾತ್ರಿ. ರಾತ್ರಿ ಹತ್ತಕ್ಕೆ ಒಣ ಮೈಮೇಲೆ ಕಟ್ಟಿದ ದಾರ ನಡುರಾತ್ರಿಯ ಹೊತ್ತಿಗೆ ಬೆವರು ಕುಡಿದು ಇನ್ನಷ್ಟು ಬಿಗಿಯುತ್ತದೆ. ಕಾಕಾ ಬಿಟ್ಟ ಆ ಒಂದು ಬೆರಳಿನ ಸಡಿಲ ಬೆಳಗಿನ ಜಾವದ ಯುದ್ಧಕ್ಕಾಗಿ ಬಿಟ್ಟದ್ದು.

ಕಂಕುಳ ಕೆಳಗಿನ ದಾರದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ತೋಳಿಗೆ ರಕ್ತ ಒಯ್ಯುವ ದೊಡ್ಡ ನಾಳ, ಕೈಗೆ ಹೋಗುವ ನರಗಳ ಗೊಂಚಲು ಎರಡೂ ಅಲ್ಲಿಂದಲೇ ಹಾದುಹೋಗುತ್ತವೆ. ತೆಳು ದಾರ ಅಲ್ಲಿ ಕಚ್ಚಿದರೆ ಬೆರಳಿಗೆ ಜೋಮು ಹಿಡಿಯುತ್ತದೆ, ಹಿಡಿದ ಕತ್ತಿ ಕೈಯಿಂದ ಜಾರುತ್ತದೆ. 4 ಮಿಲಿಮೀಟರ್ ದಪ್ಪದ ದಾರದ ಬದಲು 4 ಸೆಂಟಿಮೀಟರ್ ಅಗಲದ ಬಟ್ಟೆಯ ಪಟ್ಟಿ ಕಟ್ಟಿದರೆ ಅದೇ ಎಳೆತ ಹತ್ತು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಒಳಗೆ ದಪ್ಪ ಬನಿಯನ್ನೋ, ಮಡಿಸಿದ ಬಟ್ಟೆಯೋ ಇದ್ದರೆ ಇನ್ನೂ ಒಳಿತು.

ಗಂಟಿನಲ್ಲಿಯೂ ತಾರತಮ್ಯವಿದೆ. ಕಗ್ಗಂಟು ಹಾಕಿದರೆ ಬಿಚ್ಚುವಾಗ ಕತ್ತರಿ ಬೇಕು. ಸರಗುಣಿಕೆ ಹಾಕಿದರೆ ಎಳೆದಷ್ಟೂ ಬಿಗಿಯುತ್ತ ಹೋಗುತ್ತದೆ. ಮೈಗೆ ಅದು ಅಪಾಯ. ಬಿಗಿಯಾಗಿ ನಿಲ್ಲಬೇಕು, ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚಬೇಕು. ಲಾಡಿಗೆ ಹಾಕುವ ಕುಣಿಕೆಯ ಗಂಟು ಇದಕ್ಕೆ ಸರಿ. ತಲೆ ತಿರುಗಿ ಬಿದ್ದ ವೇಷಧಾರಿಯ ಎದೆಯ ಕಟ್ಟನ್ನು ಕತ್ತಲಲ್ಲಿ ಬಿಚ್ಚಬೇಕಾಗಿ ಬಂದವರಿಗೆ ಇದರ ಬೆಲೆ ಗೊತ್ತು.

ಬೇರೆಯವರು ಏನು ಮಾಡಿದರು

ರಂಗದ ಕವಚಕ್ಕೆ ಬಂದ ಈ ಕಷ್ಟ ನಿಜವಾದ ಯುದ್ಧದ ಕವಚಕ್ಕೂ ಬಂದಿತ್ತು. ಕಲಬುರಗಿ 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾಯಿತು. ಜೇವರ್ಗಿ ಸೀಮೆಯ ಭೀಮಾ ದಂಡೆಯ ಮೇಲೆ ಸುಲ್ತಾನ ಫಿರೋಜಶಹ ಕಟ್ಟಿಸಿದ ಫಿರೋಜಾಬಾದಿನ ಕೋಟೆಗೋಡೆ ಇಂದಿಗೂ ನಿಂತಿದೆ. ದಖನ್ನಿನ ಸುಲ್ತಾನರ ಕಾಲದ ಯೋಧರು ಕಬ್ಬಿಣದ ಸಣ್ಣ ಬಳೆಗಳನ್ನು ಹೆಣೆದ ಜಾಲರಿ ಅಂಗಿ ತೊಡುತ್ತಿದ್ದರು. ಜಾಲರಿ ಬಟ್ಟೆಯಂತೆ ಮಡಚುವುದರಿಂದ ಹೆಗಲಿಗೆ ಬೇರೆ ತಗಡು ಬೇಕಿರಲಿಲ್ಲ. ಅದರ ಮೇಲೆ ಕಟ್ಟುತ್ತಿದ್ದ ‘ಚಾರ್ ಆಯಿನಾ’ ಎಂಬ ನಾಲ್ಕು ತಗಡುಗಳ ಕವಚ ಎದೆ, ಬೆನ್ನು, ಎರಡು ಪಕ್ಕೆಗಳಿಗೆ ಮಾತ್ರ. ಅದರ ಭಾರವನ್ನು ಹೆಗಲ ಮೇಲೆ ಹಾದ ಪಟ್ಟಿಗಳು ಹೊರುತ್ತಿದ್ದವು. ಹೆಗಲನ್ನು ಅವರು ಮುಕ್ತವಾಗಿ ಬಿಟ್ಟರು.

ಜಪಾನಿನ ಸಮುರಾಯಿಗಳು ಬೇರೆ ದಾರಿ ಹಿಡಿದರು. ಅವರ ‘ಸೊದೆ’ ಎಂಬ ಅಗಲವಾದ ಹೆಗಲ ಫಲಕವನ್ನು ಕವಚದ ಹೆಗಲುಪಟ್ಟಿಯಿಂದ ಹುರಿಗಳಲ್ಲಿ ತೂಗುಹಾಕುತ್ತಿದ್ದರು. ಬೆನ್ನ ಮೇಲೆ ‘ಅಗೆಮಾಕಿ’ ಎಂಬ ದೊಡ್ಡ ಅಲಂಕಾರದ ಗಂಟು ಇರುತ್ತಿತ್ತು. ಫಲಕದ ಹಿಂಬದಿಯ ಹುರಿಗಳನ್ನು ಅದಕ್ಕೆ ಕಟ್ಟುತ್ತಿದ್ದರು. ಯೋಧ ಮುಂದೆ ಬಾಗಿದಾಗ ಫಲಕ ಜಾರದಿರಲೆಂದು ಈ ಏರ್ಪಾಟು. ನಮ್ಮ ಬೆನ್ನಿನ ಅಡ್ಡ ದಾರ ಮಾಡುವ ಕೆಲಸವೇ ಅದು! ಯುರೋಪಿನ ಕಮ್ಮಾರರು ಹೆಗಲಿನ ತಗಡನ್ನು ಹಲವು ಪಟ್ಟಿಗಳಾಗಿ ಸೀಳಿ, ಒಳಗೆ ಚರ್ಮದ ಮೇಲೆ ಒಂದರ ಮೇಲೊಂದು ಸರಿಯುವಂತೆ ಜೋಡಿಸಿದರು. ಇಡೀ ತುಂಡನ್ನು ಕೊರಳಿನ ಹತ್ತಿರದಿಂದ ಚರ್ಮದ ಪಟ್ಟಿ, ಬಕಲ್ ಹಾಕಿ ತೂಗುಬಿಟ್ಟರು. ಅಲ್ಲಿಯೂ ಭಾರ ಕೊರಳಿನ ಕಡೆಗೇ.

ಥಾಯ್ಲೆಂಡಿನಲ್ಲಿ ರಾಮಾಯಣದ ಕಥೆ ಆಡುವ ‘ಖೋನ್’ ನೃತ್ಯನಾಟಕದಲ್ಲಿ ವೀರರ ಹೆಗಲ ಮೇಲೆ ಮೇಲ್ಮುಖವಾಗಿ ಬಾಗಿದ ತುಂಡುಗಳಿವೆ. ನಮ್ಮ ಭುಜಕೀರ್ತಿಯ ದೂರದ ನೆಂಟರಂತೆ ಕಾಣುವ ಇವಕ್ಕೆ ಅವರು ‘ಇಂತನು’ ಎನ್ನುತ್ತಾರೆ. ಅದು ನಮ್ಮ ‘ಇಂದ್ರಧನು’ವೇ. ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಟಕ್ಕೆ ಮೊದಲು ಉಡುಪನ್ನು ನಟನ ಮೈಮೇಲೆಯೇ ಸೂಜಿ ದಾರದಿಂದ ಹೊಲಿಯುತ್ತಾರೆ; ಆಟ ಮುಗಿದ ಮೇಲೆ ಬಿಚ್ಚುತ್ತಾರೆ.

ಎಲ್ಲ ಕಡೆಯೂ ಒಂದು ಮಾತು ಸಮಾನ. ವೀರ ತನ್ನ ವೀರತನದ ಈ ಗುರುತನ್ನು ತಾನೊಬ್ಬನೇ ತೊಟ್ಟುಕೊಳ್ಳಲು ಕಷ್ಟ. ಇನ್ನೊಬ್ಬರು ತೊಡಿಸಬೇಕು.

ಮನೆಯಲ್ಲಿ ಮಾಡುವವರಿಗೆ

ಶಾಲೆಯ ವಾರ್ಷಿಕೋತ್ಸವ ಬಂತೆಂದರೆ ಮನೆಮನೆಯಲ್ಲಿ ರಟ್ಟಿನ ಭೀಮ, ಅರ್ಜುನರು ತಯಾರಾಗುತ್ತಾರೆ. ಹಗುರ ಮರ, ಅದನ್ನು ಕೊರೆಯುವ ಕೈ ಎಲ್ಲರಿಗೂ ಸಿಗುವುದಿಲ್ಲ. ರಟ್ಟು ಸಾಕು; ಸೂತ್ರ ಅದೇ.

ರಟ್ಟಿನ ಪೆಟ್ಟಿಗೆಯ ಎರಡು ಹಾಳೆ ತೆಗೆದುಕೊಂಡು ಒಂದರ ಗೆರೆ ಉದ್ದಕ್ಕೆ, ಇನ್ನೊಂದರ ಗೆರೆ ಅಡ್ಡಕ್ಕೆ ಬರುವಂತೆ ಅಂಟಿಸಿದರೆ ಅದು ಬಾಗುವುದಿಲ್ಲ. ಹಿಂಬದಿಗೆ ಹಳೆಯ ಪಂಚೆಯ ಬಟ್ಟೆಯನ್ನು ಮೈದಾ ಅಂಟಿನಿಂದ ಹಚ್ಚಬೇಕು. ದಾರ ಕಟ್ಟಲು ರಟ್ಟಿಗೆ ಒಂದೇ ತೂತು ಮಾಡಿದರೆ ಎರಡನೆಯ ಕುಣಿತಕ್ಕೆ ಅದು ಹರಿಯುವುದು ಖಂಡಿತ. ಹತ್ತಿರ ಹತ್ತಿರ ಎರಡು ತೂತು ಮಾಡಿ, ಮುಂಬದಿಯಲ್ಲಿ ಒಂದು ದೊಡ್ಡ ಅಂಗಿ ಗುಂಡಿ ಇಟ್ಟು, ಅದರ ಕಣ್ಣುಗಳ ಮೂಲಕ ದಾರ ಪೋಣಿಸಿ ಹಿಂದಕ್ಕೆ ತಂದರೆ ಎಳೆತವೆಲ್ಲ ಗುಂಡಿಯ ಮೇಲೆ ಬೀಳುತ್ತದೆ. ಗುಂಡಿಯ ಮೇಲೆ ಬಂಗಾರದ ಕಾಗದ ಹಚ್ಚಿದರೆ ಅದೇ ಒಂದು ರತ್ನ.

ಎಡ, ಬಲ ಎರಡನ್ನೂ ಮೊದಲು ಒಂದು ಅಗಲ ಬಟ್ಟೆಪಟ್ಟಿಗೆ ಹೊಲಿದು, ಆ ಪಟ್ಟಿಯನ್ನು ಕೊರಳ ಹಿಂದಿನಿಂದ ತಂದು ಹೆಗಲ ಮೇಲೆ ಕೂರಿಸುವುದು ಮಕ್ಕಳಿಗೆ ಸುಲಭ. ಆಮೇಲೆ ಬೆನ್ನಿನ ದಾರ, ಆಮೇಲೆ ಕಂಕುಳ ಪಟ್ಟಿ. ಕೊರಳ ಮುಂದೆ ಅಡ್ಡವಾಗಿ ಮಾತ್ರ ಯಾವ ದಾರವೂ ಬರಕೂಡದು; ಓಡುವ ಮಗುವಿನ ಭುಜಕೀರ್ತಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಅದು ಉರುಳಾದೀತು. ಕಟ್ಟಿದ ಮೇಲೆ ಪರೀಕ್ಷೆ ನಾಲ್ಕು: ಎರಡೂ ಕೈ ಮೇಲೆತ್ತಲಿ, ಬಾಗಿ ನಮಸ್ಕರಿಸಲಿ, ಕೂತು ಏಳಲಿ, ಒಂದು ಸುತ್ತು ಗಿರ್ರನೆ ತಿರುಗಲಿ. ಆಮೇಲೆ ಕಾಕಾ ಕೇಳುವ ಪ್ರಶ್ನೆ ಕೇಳಬೇಕು, ಉಸಿರು ಸರಿಯಿದೆಯೇ ಎಂದು. ಕಿರೀಟ ಕೊನೆಗೆ.

ಬೆನ್ನ ಹಿಂದಿನ ಕೈ

ಈಗ ನಗರಗಳಲ್ಲಿ ಬಾಡಿಗೆಗೆ ವೇಷ ಕೊಡುವ ಅಂಗಡಿಗಳಿವೆ. ಎಲಾಸ್ಟಿಕ್ ಮತ್ತು ವೆಲ್ಕ್ರೊ ಹಚ್ಚಿದ ಸಿದ್ಧ ಭುಜಕೀರ್ತಿ ಸಿಗುತ್ತದೆ. ಎರಡು ನಿಮಿಷದಲ್ಲಿ ತೊಡಬಹುದು. ಒಂದು ರಾತ್ರಿಯ ಖರ್ಚಿಗೆ ಹೆದರುವ ಹಳ್ಳಿಯ ಮಂಡಳಿಗೆ ಅದು ಅನುಕೂಲವೇ, ದೂರುವ ಮಾತಿಲ್ಲ. ಆದರೆ ಆ ತುಂಡು ಯಾರ ಅಳತೆಗೂ ಮಾಡಿದ್ದಲ್ಲ. ದಪ್ಪಗಿದ್ದವನಿಗೆ ಬಿಗಿ, ಸಣಕಲನಿಗೆ ಸಡಿಲ. ಹಾಗಾಗಿ ಅದನ್ನು ತೊಟ್ಟವನು ಅದು ಬೀಳದಂತೆ ಕುಣಿಯಲು ಕಲಿಯುತ್ತಾನೆ. ಕೈ ಅರ್ಧಕ್ಕೆ ಎತ್ತುತ್ತಾನೆ, ಅರ್ಧ ಸುತ್ತು ತಿರುಗುತ್ತಾನೆ. ವೇಷ ನಟನಿಗೆ ಹೊಂದುವ ಬದಲು ನಟ ವೇಷಕ್ಕೆ ಹೊಂದಿಕೊಂಡಾಗ ಕುಣಿತವೇ ಸಣ್ಣದಾಗುತ್ತದೆ. ನೋಡುವವರು ‘ಈಗಿನವರಲ್ಲಿ ಮೊದಲಿನ ಕಸುವಿಲ್ಲ’ ಎನ್ನುತ್ತಾರೆ. ಕಸುವು ಇಲ್ಲದ್ದು ಹುಡುಗರಲ್ಲೋ, ಅವರ ಬೆನ್ನಿನ ಗಂಟಿನಲ್ಲೋ ಎಂದು ಯಾರೂ ನೋಡುವುದಿಲ್ಲ.

ಬಯಲಾಟದ ಪದಗಳು ಪುಸ್ತಕವಾಗಿವೆ. ಜೀ.ಶಂ. ಪರಮಶಿವಯ್ಯನವರು ಮೂಡಲಪಾಯವನ್ನು, ಶಿವರಾಮ ಕಾರಂತರು ಕರಾವಳಿಯ ಯಕ್ಷಗಾನವನ್ನು ಆಳವಾಗಿ ಅಭ್ಯಾಸ ಮಾಡಿ ಬರೆದಿಟ್ಟಿದ್ದಾರೆ. ಹಾಡು ಧ್ವನಿಮುದ್ರಣವಾಗಿದೆ. ಆದರೆ ಯಾವ ಮೈಗೆ ಎಷ್ಟು ಬಿಗಿ, ಯಾವ ಹೊತ್ತಿಗೆ ಎಷ್ಟು ಸಡಿಲ ಎಂಬ ತಿಳಿವಳಿಕೆ ಬೆರಳಿನಲ್ಲಿರುವಂಥದು. ಬೆರಳಿನಿಂದ ಬೆರಳಿಗೆ ದಾಟದಿದ್ದರೆ ಅದು ಆ ಬೆರಳಿನ ಜೊತೆಗೇ ಹೋಗುತ್ತದೆ.

ಆಟದ ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರಿರುತ್ತದೆ, ಕಲಿಸಿದ ಮಾಸ್ತರರ ಹೆಸರಿರುತ್ತದೆ, ಚಂದಾ ಕೊಟ್ಟವರ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ. ವೇಷ ಕಟ್ಟಿದವರ ಹೆಸರು ಕಾಣುವುದು ಅಪರೂಪ. ಮುಂದಿನ ಜಾತ್ರೆಯ ಕರಪತ್ರದಲ್ಲಿ ಅವರಿಗೂ ಒಂದು ಸಾಲು ಸಿಗಲಿ. ಅದಕ್ಕಿಂತ ಮುಖ್ಯವಾಗಿ, ಅವರು ದಾರ ಎಳೆಯುವಾಗ ಊರಿನ ಒಬ್ಬ ಹುಡುಗ ಪಕ್ಕದಲ್ಲಿ ಕೂತು ನೋಡಲಿ.

ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದಾಗ ಸಾರಥಿ ಅವನ ಹೆಸರು, ಊರು, ಪರಾಕ್ರಮ ಎಲ್ಲ ಕೇಳುತ್ತಾನೆ. ರಾಜ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾನೆ. ಆ ಹೊತ್ತಿಗೆ ಅವನ ಭುಜದ ಕೀರ್ತಿಯನ್ನು ಹಿಡಿದು ನಿಲ್ಲಿಸಿರುವುದು ಅವನಿಗೆ ಕಾಣದ, ಅವನ ಕೈಗೂ ಎಟುಕದ ಒಂದು ಗಂಟು. ಅದನ್ನು ಹಾಕಿದವರು ಪೌಳಿಯ ಕತ್ತಲಲ್ಲಿ, ಮುಂದಿನ ವೇಷಕ್ಕೆ ದಾರ ಬಿಡಿಸುತ್ತಿರುತ್ತಾರೆ.